ಚಿಹ್ನೆಯ ಪಾಠ

ಒಂದು ಗಣಕದೊಳಗೆ ಬೇರೊಂದು ಗಣಕವನ್ನು ಅನುಕರಿಸಿ ನಡೆಸುವ ‘ಕ್ಯೂಎಮು’ ತಂತ್ರಾಂಶವನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಅವರು 2003ರಲ್ಲಿ ಲೋಕಕ್ಕೆ ಮುಕ್ತವಾಗಿ ನೀಡಿದರು. ಅದಕ್ಕೆಂದು ನಾನು ಬರೆದ ಕೆಲವು ಸಾಲುಗಳು ಇಂಟೆಲ್ ಸಂಸ್ಕಾರಕದಲ್ಲಿ ಸರಾಗವಾಗಿ ನಡೆದವು. ಆರ್ಮ್ ಸಂಸ್ಕಾರಕದಲ್ಲಿ ಮಾತ್ರ ಆವರ್ತನೆ ಮುಗಿಯಲೇ ಇಲ್ಲ. ಮೂರು ರಾತ್ರಿ ಯಂತ್ರವನ್ನೇ ಶಂಕಿಸಿದೆ. ದೋಷ ನನ್ನದಾಗಿತ್ತು. ‘ಮುಗಿಯಿತು’ ಎಂದು ಸೂಚಿಸುವ -1 ಅನ್ನು 8 ಬಿಟ್ಟುಗಳ ‘ಚಾರ್’ನಲ್ಲಿ ಇರಿಸಿದ್ದೆ. ಲಿನಕ್ಸಿನ ರೂಢಿಯಂತೆ ಇಂಟೆಲ್‌ನಲ್ಲಿ ಅದು ಋಣಸಂಖ್ಯೆಯಾಗಿಯೇ ಉಳಿಯುತ್ತದೆ. ಆರ್ಮ್‌ನಲ್ಲಿ 255 ಆಗುತ್ತದೆ. ‘ಇಂಟ್’ ಎಂದು ತಿದ್ದಿದೊಡನೆ ಎರಡೂ ಕಡೆ ಸರಿಹೋಯಿತು.

ಉತ್ತರದ ಅಂಕಿ ಸರಿಯಿದ್ದರೂ ಚಿಹ್ನೆ ತಪ್ಪಿದರೆ ಸೊನ್ನೆ ಹಾಕುತ್ತಿದ್ದ ನಮ್ಮ ಶಾಲೆಯ ಗಣಿತದ ಗುರುಗಳು ಆಗ ನೆನಪಾದರು. ಅಂದು ಅವರ ಮೇಲೆ ಮುನಿದಿದ್ದ ನಾನು ಇಂದು ಅವರಿಗೆ ತಲೆಬಾಗುತ್ತೇನೆ.