ಭಟ್ಕಳದಲ್ಲಿ ಇಳಿದದ್ದು

ಹೊನ್ನಾವರದಿಂದ ತೆಂಕಲಾಗಿ ಹೊರಟವನಿಗೆ ಭಟ್ಕಳವನ್ನು ತಪ್ಪಿಸಿ ಹೋಗುವ ದಾರಿಯಿಲ್ಲ. ಮಗಳ ಊರು ಮಂಗಳೂರಾದುದರಿಂದ ನಾನು ವರ್ಷಕ್ಕೆ ನಾಲ್ಕಾರು ಸಲವಾದರೂ ಆ ಊರನ್ನು ಹಾದು ಹೋಗಿದ್ದೇನೆ; ಮೊದಲು ಬಸ್ಸಿನಲ್ಲಿ, ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ರೈಲಿನಲ್ಲಿ. ಹೀಗೆ ಹಾದು ಹೋದದ್ದು ಮೂವತ್ತು ವರ್ಷ. ಇಳಿದದ್ದು ಒಮ್ಮೆಯೂ ಇಲ್ಲ. ಬಸ್ಸು ನಿಂತಾಗ ಕಿಟಕಿಯಿಂದ ಒಂದು ಮೊಳ ಮಲ್ಲಿಗೆ ಕೊಂಡದ್ದುಂಟು, ಅಷ್ಟೆ. ಯಾರಾದರೂ ಕಾರಣ ಕೇಳಿದ್ದರೆ, "ಅಲ್ಲಿ ಕೆಲಸವೇನಿದೆ?" ಎಂದು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲವಾದುದರಿಂದ ಆ ಸುಳ್ಳನ್ನು ಬಾಯಿಬಿಟ್ಟು ಆಡುವ ಪ್ರಸಂಗ ಬರಲಿಲ್ಲ.

ಕೊನೆಗೆ ನಾನು ಭಟ್ಕಳದಲ್ಲಿ ಇಳಿದದ್ದು ಆಮ್‌ಸ್ಟರ್‌ಡ್ಯಾಮಿನ ದೆಸೆಯಿಂದ ಎಂದರೆ ವಾಚಕರು ನಕ್ಕಾರು. ಆದರೆ ನಡೆದದ್ದು ಹಾಗೆಯೇ.

ಎರಡು ವರ್ಷಗಳ ಹಿಂದೆ ಮಗನು ನಮ್ಮಿಬ್ಬರನ್ನೂ ತಾನಿರುವ ಆ ದೇಶಕ್ಕೆ ಕರೆಯಿಸಿಕೊಂಡಿದ್ದನು. ಆಮ್‌ಸ್ಟರ್‌ಡ್ಯಾಮ್ ನೀರಿನ ಮೇಲೆ ಕುಳಿತ ಊರು. ಗುಡ್ಡವಿಲ್ಲ, ಏರಿಲ್ಲ, ಜನರಿಗಿಂತ ಸೈಕಲುಗಳೇ ಹೆಚ್ಚೆಂದು ಅಲ್ಲಿಯವರೇ ಹೇಳಿಕೊಳ್ಳುತ್ತಾರೆ. ಊರನ್ನು ಸೈಕಲ್ಲಿನ ಮೇಲೆ ಸುತ್ತಿಸಿ ತೋರಿಸುವವರು ಅಲ್ಲಿ ಇದ್ದಾರೆ. ಹತ್ತು ಹನ್ನೆರಡು ಮಂದಿಯನ್ನು ಕೂಡಿಸಿಕೊಂಡು, ಮುಂದೆ ಒಬ್ಬ ಮಾರ್ಗದರ್ಶಕ, ಹಿಂದೆ ನಾವು. ಆತುರವಿಲ್ಲ, ಒಬ್ಬರನ್ನೊಬ್ಬರು ಮೀರಿಸುವ ಹಟವಿಲ್ಲ. ನಾನು ಸೈಕಲ್ ಬಿಟ್ಟು ಇಪ್ಪತ್ತು ವರ್ಷ ಮೀರಿತ್ತು. ಸಾಲದುದಕ್ಕೆ ಅಲ್ಲಿಯ ಹಳೆಯ ತರದ ಸೈಕಲ್ಲಿಗೆ ಕೈಬ್ರೇಕು ಇಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಗಾಲಿ ನಿಲ್ಲುತ್ತದೆ. ಹಿಂದಕ್ಕೆ ಪೆಡಲ್ ತುಳಿಯುವುದು ನನ್ನ ಹುಟ್ಟುಗುಣ. ಆದುದರಿಂದ ಮೊದಲ ಅರ್ಧ ಗಂಟೆ ನಾನು ನಿಂತದ್ದೇ ಹೆಚ್ಚು, ಹೋದದ್ದು ಕಡಿಮೆ.

ಒಂದು ಕಿರಿದಾದ ಬೀದಿಯಲ್ಲಿ ಮಾರ್ಗದರ್ಶಕನು ಕೈಯೆತ್ತಿ ನಿಲ್ಲಿಸಿ ಒಂದು ಹಳೆಯ ಇಟ್ಟಿಗೆಯ ಕಟ್ಟಡವನ್ನು ತೋರಿಸಿದನು. ೧೬೦೨ರಲ್ಲಿ ಹುಟ್ಟಿದ ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯು ೧೬೦೬ರಲ್ಲಿ ಕಟ್ಟಿಸಿದ ಮನೆ ಅದು. ಈಗ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಸೇರಿದೆ. "ಈ ಊರಿನ ಸಿರಿಯಲ್ಲಿ ಬಹುಭಾಗ ಮೆಣಸಿನ ಕಾಳಿನಿಂದ ಬಂದದ್ದು" ಎಂದು ಅವನು ಹೇಳಿ, ನನ್ನ ಕಡೆಗೆ ತಿರುಗಿ, "ನೀವು ಹಿಂದೂಸ್ಥಾನದವರಲ್ಲವೆ? ಮೆಣಸಿನ ನಾಡನ್ನು ನೀವು ಕಂಡಿರಬೇಕು" ಎಂದು ವಿನಯದಿಂದ ಕೇಳಿದನು.

ನಾನು ಹುಟ್ಟಿದ ತಾಲೂಕಿನಲ್ಲಿಯೇ ಗೇರುಸೊಪ್ಪೆ ಇದೆ. ಪೋರ್ತುಗೀಜರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿಯು ಆಳಿದ ರಾಜ್ಯ ಅದು. ಡಚ್ಚರು ಆ ಮನೆಯನ್ನು ಕಟ್ಟುವ ಕಾಲಕ್ಕೆ, ೧೬೦೬ರ ಸುಮಾರಿಗೆ, ಆಕೆ ಕೆಳದಿಯವರ ಕೈಗೆ ಸೆರೆಸಿಕ್ಕಿ ಅವಳ ರಾಜ್ಯ ಮುಗಿದಿತ್ತು. ಅದಕ್ಕೂ ನೂರು ವರ್ಷ ಮೊದಲಿನಿಂದಲೇ ನಮ್ಮ ಕರಾವಳಿಯ ಮೆಣಸಿಗಾಗಿ ಲಿಸ್ಬನ್ನಿನ ಹಡಗುಗಳು ಹೊನ್ನಾವರದಲ್ಲಿಯೂ ಭಟ್ಕಳದಲ್ಲಿಯೂ ಲಂಗರು ಹಾಕುತ್ತಿದ್ದುವು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಆ ಮನುಷ್ಯನು ತನ್ನ ಊರಿನ ಒಂದೊಂದು ಕಲ್ಲಿನ ಮುಂದೆ ಕಾಲೂರಿ ನಿಂತು ಮಾತಾಡುವಂತೆ, ಭಟ್ಕಳದ ಯಾವ ಕಲ್ಲಿನ ಮುಂದೆ ನಾನು ನಿಂತಿದ್ದೆ? "ಕಂಡಿದ್ದೇನೆ" ಎಂದು ಮೆಲ್ಲಗೆ ಹೇಳಿದೆ. ಕಿಟಕಿಯಿಂದ ಕಂಡದ್ದೂ ಕಂಡದ್ದೇ ಅಲ್ಲವೆ?

ಭಟ್ಕಳದಲ್ಲಿ ನನಗೊಬ್ಬ ಗೆಳೆಯನಿದ್ದನು. ಕುಮಟೆಯ ಕಾಲೇಜಿನಲ್ಲಿ ನಾವು ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು. ನಾನು ಹವ್ಯಕರ ಹುಡುಗ, ಅವನು ನವಾಯತರವನು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ಒಂದೇ ಸೈಕಲ್ಲಿನ ಮೇಲೆ ಇಬ್ಬರೂ ಮಿರ್ಜಾನದ ಕೋಟೆಗೆ ಹೋಗಿಬಂದದ್ದುಂಟು. ಇಡಗುಂಜಿ ಮೇಳದ ಆಟಕ್ಕೆ ಹೋಗಿ ಬೆಳಗಿನ ಜಾವದ ತನಕ ಚಾಪೆಯ ಮೇಲೆ ಕುಳಿತದ್ದುಂಟು. ರಜೆಯಲ್ಲಿ ನಾನು ಅವನ ಮನೆಗೆ ಹೋಗುತ್ತಿದ್ದೆ. ಅವನ ತಾಯಿಯವರು ನನ್ನ ಆಚಾರವನ್ನು ಬಲ್ಲವರು. ನನಗೆಂದು ಕಲಾಯಿ ಹಾಕಿಸಿದ ಒಂದು ಹಿತ್ತಾಳೆಯ ಲೋಟವನ್ನು ಬೇರೆಯಾಗಿಯೇ ಮಾಡಿನ ಗೂಡಿನಲ್ಲಿ ಇಟ್ಟಿದ್ದರು. ಅದರಲ್ಲಿ ಹಾಲೋ ಎಳನೀರೋ ನನಗೆ ಬರುತ್ತಿತ್ತು. "ನಿನ್ನ ಆಯಿ ಕೇಳಿದರೆ ಹೇಳು, ಈ ಲೋಟಕ್ಕೆ ಬೇರೆ ಯಾರ ಬಾಯಿಯೂ ತಾಗಿಲ್ಲ" ಎನ್ನುತ್ತಿದ್ದರು. ಆಗ ನನಗೆ ಅದು ಸಹಜವೆನಿಸಿತ್ತು.

೧೯೯೩ರಲ್ಲಿ ಭಟ್ಕಳದಲ್ಲಿ ಗಲಭೆಯೆದ್ದು ತಿಂಗಳುಗಟ್ಟಲೆ ಊರು ಬೆಂದಿತು. ಆ ಮಳೆಗಾಲದಲ್ಲಿಯೇ ಆ ತಾಯಿ ಕಾಯಿಲೆಯಿಂದ ತೀರಿಕೊಂಡರೆಂದು ಅವನ ಕಾಗದ ಬಂತು. ಮೊದಲು ಕರ್ಫ್ಯೂ ಎಂದು ಹೋಗಲಿಲ್ಲ. ಕರ್ಫ್ಯೂ ಹೋದ ಮೇಲೆ ಭಯವೆಂದು ಹೋಗಲಿಲ್ಲ. ಭಯ ಹೋದ ಮೇಲೆ ನಾಚಿಕೆಯೆಂದು ಹೋಗಲಿಲ್ಲ. ಕಾಗದಕ್ಕೂ ಉತ್ತರ ಬರೆಯಲಿಲ್ಲ. ಅವನು ಮುಂದೆ ದುಬೈಗೆ ಹೋದನು. ಮೂರು ಕಾರಣಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ದೀರ್ಘಾಯುಷಿ.

ಆಮ್‌ಸ್ಟರ್‌ಡ್ಯಾಮಿನಿಂದ ಮರಳಿದ ಮೇಲೆ ಒಬ್ಬ ಹಳೆಯ ಸಹಪಾಠಿಯಿಂದ ಅವನ ನಂಬರು ಪಡೆದು ಫೋನು ಮಾಡಿದೆ. ಹೆಸರು ಹೇಳಿದೆ. ಆ ಕಡೆ ತುಸು ಹೊತ್ತು ಮೌನ. ಆಮೇಲೆ, "ಮಾರಾಯ, ನಿನಗೆ ಇನ್ನೂ ಸೈಕಲ್ ಹೊಡೆಯಲಿಕ್ಕೆ ಬರುತ್ತದೆಯೋ?" ಎಂದನು. ಅಷ್ಟೇ ಕೇಳಿದ್ದು.

ಮುಂದಿನ ಆದಿತ್ಯವಾರ ಬೆಳಿಗ್ಗೆ ಭಟ್ಕಳದ ನಿಲ್ದಾಣದಲ್ಲಿ ನಾನು ಇಳಿದೆ. ಅವನು ಎರಡು ಸೈಕಲುಗಳೊಡನೆ ನಿಂತಿದ್ದನು: ತನ್ನ ಹಳೆಯದೊಂದು, ಮೊಮ್ಮಗನ ಗೇರಿನ ಸೈಕಲ್ಲೊಂದು. ಗಡ್ಡ ಬೆಳ್ಳಗಾಗಿತ್ತು, ನಗು ಹಾಗೆಯೇ ಇತ್ತು. ನಾನು ಆಡಬೇಕೆಂದು ರೈಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಅವನು ಆಡಗೊಡಲಿಲ್ಲ. "ಇವತ್ತು ನಾನು ಗೈಡು, ನೀನು ಸುಮ್ಮನೆ ಹಿಂದೆ ಬಾ" ಎಂದು ಮುಂದೆ ತುಳಿದನು.

ಮೊದಲು ನಿಲ್ಲಿಸಿದ್ದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ಮುಂದೆ. ಎದುರಿಗೆ ಎತ್ತರದ ಮಾನಸ್ತಂಭ. ಹಿಂದೆ ಉದ್ದವಾದ ಕಲ್ಲಿನ ಮನೆ. ಮನೆಯೆಂದೇ ಹೇಳಬೇಕು, ಶಿಖರವಿಲ್ಲ. ನಾವು ಹುಲ್ಲನ್ನೋ ಹೆಂಚನ್ನೋ ಇಳಿಜಾರಾಗಿ ಹೊದಿಸುವಂತೆ ಅಗಲವಾದ ಕಲ್ಲುಚಪ್ಪಡಿಗಳನ್ನು ಹೊದಿಸಿದ್ದಾರೆ. "ವರ್ಷಕ್ಕೆ ನೂರು ಅಂಗುಲಕ್ಕೆ ಮೀರಿ ಮಳೆ ಸುರಿಯುವ ಊರಿನಲ್ಲಿ ದೇವರಿಗೂ ಮಾಡು ಬೇಕಲ್ಲ" ಎಂದನು ಗೆಳೆಯ. ಇಲ್ಲಿಗೆ ಕೆಲವು ಹರದಾರಿ ಒಳಗಿನ ಹಾಡುವಳ್ಳಿ, ಎಂದರೆ ಸಂಗೀತಪುರ, ಜೈನ ಅರಸರ ರಾಜಧಾನಿ. ಭಟ್ಕಳ ಅವರ ಬಂದರು. ೧೬೦೪ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಭಟ್ಟಾಕಳಂಕನ ಹೆಸರಿನೊಡನೆ ಊರಿನ ಹೆಸರನ್ನು ಜನರು ಕೂಡಿಸಿ ಹೇಳುವುದುಂಟು. ಊರಿನ ಹೆಸರು ಅವನಿಗಿಂತ ಹಳೆಯದು. ಆದರೂ ಒಂದು ಊರಿನವರು ತಮ್ಮ ಹೆಸರಿನ ಮೂಲವನ್ನು ವ್ಯಾಕರಣಕಾರನೊಬ್ಬನಲ್ಲಿ ಹುಡುಕುವುದು ಸಣ್ಣ ಮಾತಲ್ಲವೆಂದು ನನಗೆ ತೋರಿತು.

ಅಲ್ಲಿಂದ ನವಾಯತರ ಕೇರಿಗಳು. ಓಣಿ ಕಿರಿದು, ಇಬ್ಬರೂ ಒಬ್ಬರ ಹಿಂದೊಬ್ಬರು ಸಾಗಬೇಕು. ಅರಬಸ್ಥಾನದಿಂದಲೂ ಪಾರಸಿಯಿಂದಲೂ ಹಡಗಿನಲ್ಲಿ ಬಂದ ವರ್ತಕರು ಇಲ್ಲಿಯವರೊಡನೆ ನಂಟು ಬೆಳೆಸಿ ನೆಲೆನಿಂತರು. ಅವರ ಸಂತತಿಯೇ ನವಾಯತರು. ವಿಜಯನಗರಕ್ಕೆ ಕುದುರೆಗಳು ಇಳಿದ ರೇವುಗಳಲ್ಲಿ ಇದೊಂದು. ಇಲ್ಲಿಂದ ಹೊರಗೆ ಹೋದದ್ದು ಅಕ್ಕಿ, ಸಕ್ಕರೆ, ಕಬ್ಬಿಣ. ಮನೆಯಲ್ಲಿ ಅವರು ಆಡುವ ನವಾಯತಿಯು ಕೊಂಕಣಿಯ ಒಂದು ಭೇದ. ಬರೆಯುವುದು ಪಾರಸಿ ಅಕ್ಷರದಲ್ಲಿ. ಊರಿನ ಜಾಮಿಯಾ ಮಸೀದಿಗೆ 'ಚಿನ್ನದ ಪಳ್ಳಿ' ಎಂದು ಹೆಸರು. ಅರಬ್ಬಿ ವರ್ತಕರ ಮಕ್ಕಳು ಕೊಂಕಣಿ ಮಾತಾಡುತ್ತ ತಮ್ಮ ದೊಡ್ಡ ಮಸೀದಿಯನ್ನು ಅಚ್ಚಗನ್ನಡದ ಹೆಸರಿನಿಂದ ಕರೆಯುತ್ತಾರೆ. ನಾನು ಅದನ್ನು ನೂರು ಸಲ ಕೇಳಿದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ.

ಮುಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನಕ್ಕೆ ಬಂದಾಗ ಬಿಸಿಲೇರಿತ್ತು. ಹದಿನಾರನೆಯ ಶತಮಾನದ ನಡುವಿನಲ್ಲಿ ಕೊಂಕಣಿ ವರ್ತಕನೊಬ್ಬನು ಕಟ್ಟಿಸಿದ ಚಿಕ್ಕ ಗುಡಿ. ಹೊರಗೋಡೆಯ ಮೇಲೆ ರಾಮಾಯಣವನ್ನು ಕಿರಿದು ಕಿರಿದಾಗಿ ಕೆತ್ತಿದ್ದಾರೆ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟರಲ್ಲಿ ಗೆಳೆಯನು ಪ್ರದಕ್ಷಿಣೆಯ ಕ್ರಮದಲ್ಲಿಯೇ ನಡೆಯುತ್ತ, ಯಕ್ಷಗಾನದ ಪ್ರಸಂಗಗಳ ಹೆಸರು ಹಿಡಿದು ಒಂದೊಂದನ್ನೇ ತೋರಿಸತೊಡಗಿದನು. "ನೀನು ಹವ್ಯಕನೋ ನಾನೋ?" ಎಂದೆ. "ಚಾಪೆಯ ಮೇಲೆ ನೀನು ನಿದ್ದೆ ಮಾಡುತ್ತಿದ್ದಿ, ನಾನು ಆಟ ನೋಡುತ್ತಿದ್ದೆ" ಎಂದನು. ಅದು ನಿಜ.

ಈ ಗುಡಿ ಮೇಲೇಳುತ್ತಿದ್ದ ಕಾಲದಲ್ಲಿಯೇ, ೧೫೪೨ರಲ್ಲಿ, ಪೋರ್ತುಗೀಜರ ಗವರ್ನರನು ಭಟ್ಕಳವನ್ನು ಸುಲಿದನು. ೧೬೩೭ರಲ್ಲಿ ಇಂಗ್ಲಿಷರು ಬಂದು, ಇಕ್ಕೇರಿಯ ವೀರಭದ್ರ ನಾಯಕನನ್ನು ಕಂಡು, ಇಲ್ಲಿ ಮಳಿಗೆ ಹೂಡಿದರು. ಅವರೊಡನೆ ಇಕ್ಕೇರಿಗೆ ಹೋಗಿದ್ದ ಪೀಟರ್ ಮಂಡಿಯು ಕಂಡದ್ದನ್ನು ಬರೆದಿಟ್ಟಿದ್ದಾನೆ. ಅದಾದ ಒಂದೆರಡು ವರ್ಷಗಳೊಳಗೇ ಇಲ್ಲಿ ಸತ್ತ ಇಂಗ್ಲಿಷರ ಗೋರಿಗಲ್ಲುಗಳನ್ನು ೧೮೮೩ರ ಕೆನರಾ ಗ್ಯಾಜೆಟಿಯರು ದಾಖಲಿಸಿದೆ. ಮೆಣಸಿಗಾಗಿ ಬಂದವರು ಕೆಲವರು ಸುಟ್ಟುಹೋದರು, ಕೆಲವರು ಮಣ್ಣಾದರು. ನಿಂತದ್ದು ಗುಡಿ, ಬಸದಿ, ಪಳ್ಳಿ, ಇವುಗಳ ನಡುವಿನ ಓಣಿ.

"ಊರು ಮತ್ತೆ ಸುಟ್ಟಿತಲ್ಲ, ನಮ್ಮ ಕಾಲದಲ್ಲಿ" ಎಂದೆ. ಆ ಮಾತು ಬಂದೇಬಂತು.

ಗೆಳೆಯನು ಸೈಕಲ್ಲಿನ ಬೆಲ್ಲನ್ನು ಒರೆಸುತ್ತ ನಿಧಾನವಾಗಿ ಹೇಳಿದನು: "ಸುಟ್ಟಿತು. ಎರಡು ಕಡೆಯವರೂ ಸತ್ತರು. ಆದರೆ ಇನ್ನೊಂದು ಮಾತೂ ಇದೆ, ಅದು ಪತ್ರಿಕೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ರಾಮನವಮಿಗೆ ಚನ್ನಪಟ್ಟಣದ ಹನುಮಂತನ ತೇರು ಎಳೆಯುವ ಮೊದಲು ದೇವಸ್ಥಾನದವರು ವಾದ್ಯದೊಡನೆ ಹಳೆಯ ಮುಸಲ್ಮಾನ ಮನೆತನದ ಬಾಗಿಲಿಗೆ ಹೋಗಿ ವೀಳ್ಯ ಕೊಟ್ಟು ಕರೆಯುವ ಪದ್ಧತಿ ಇದೆ. ಕರೆಯುವವರು ಕರೆಯುತ್ತಾರೆ, ಹೋಗುವವರು ಹೋಗುತ್ತಾರೆ. ಬಾರದಿದ್ದವನು ನೀನೊಬ್ಬ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸುವವನ ದನಿಯಿತ್ತು. ನಾನು ರೈಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಹೆದರಿದೆ" ಎಂದಷ್ಟೇ ಹೇಳಿದೆ. "ಆಮೇಲೆ ನಾಚಿದೆ." "ಹೂಂ, ಅಮ್ಮನೂ ಹಾಗೆಯೇ ಅಂದಿದ್ದರು, ಹೆದರಿದ್ದಾನೆ, ಬರುತ್ತಾನೆ ಎಂದು" ಎಂದು ಅವನು ಸೈಕಲ್ ಹತ್ತಿದನು. ಅವರು ಕಾಯಿಲೆ ಬಿದ್ದಾಗಲೂ ನನ್ನನ್ನು ನೆನೆದಿದ್ದರೆಂಬುದು ನನಗೆ ಅಂದು ತಿಳಿಯಿತು.

ಸುತ್ತಾಟದ ಕೊನೆಯ ನಿಲ್ದಾಣ ಅವನ ಮನೆ. ಜಗಲಿ ಅದೇ, ಮಾಡಿನ ಹೆಂಚು ಹೋಗಿ ತಾರಸಿ ಬಂದಿತ್ತು. ಒಳಗಿನಿಂದ ಅವನ ಸೊಸೆ ತಟ್ಟೆಯಲ್ಲಿ ಚಹಾ ತಂದಿಟ್ಟಳು: ಅವನಿಗೆ ಪಿಂಗಾಣಿಯ ಕಪ್ಪು, ನನಗೆ ಹಿತ್ತಾಳೆಯ ಲೋಟ. ಒಳಗಡೆ ಹೊಸದಾಗಿ ಕಲಾಯಿ ಹಾಕಿಸಿದ್ದರು. "ಅಜ್ಜಿ ಇದ್ದಾಗಿನದಂತೆ. ನಿಮ್ಮದೆಂದು ಯಾರೂ ಮುಟ್ಟಿಲ್ಲ" ಎಂದಳು ಆ ಹುಡುಗಿ. ಅವಳು ನನ್ನನ್ನು ಕಂಡದ್ದು ಅಂದೇ ಮೊದಲು.

ನಾನು ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ನನ್ನ ಆಚಾರಕ್ಕೆ ಆ ತಾಯಿ ತೋರಿಸಿದ ಮರ್ಯಾದೆ ಅದು; ಅವರ ಸಾವಿಗೆ ನಾನು ಆ ಮರ್ಯಾದೆಯನ್ನು ಸಲ್ಲಿಸಿರಲಿಲ್ಲ. ಚಹಾ ಕುಡಿದೆ. ಆಮೇಲೆ ಒಳಗೆ ಕೇಳುವಂತೆ, "ತಂಗಿ, ಇನ್ನೊಂದು ಸ್ವಲ್ಪ ಬೇಕು, ಈ ಸಲ ಎಲ್ಲರ ಕಪ್ಪಿನಲ್ಲಿಯೇ ತಾ" ಎಂದೆ. ಗೆಳೆಯನು ಏನೂ ಹೇಳಲಿಲ್ಲ. ಲೋಟವನ್ನು ಎತ್ತಿಕೊಂಡು, ನಲ್ಲಿಯಲ್ಲಿ ತೊಳೆದು, ತಾನೇ ಅದರಲ್ಲಿ ನೀರು ಕುಡಿದನು.

ಮಧ್ಯಾಹ್ನ ಅವರ ತಾಯಿಯ ಗೋರಿಯ ಬಳಿಗೆ ಹೋಗಿ ನಿಂತು ಬಂದೆವು. ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ.

ಮುಂದಿನ ತಿಂಗಳು ಅವನು ಹೊನ್ನಾವರಕ್ಕೆ ಬರುವವನಿದ್ದಾನೆ. ಆಗ ನಾನು ಗೈಡು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಊರಿಗೆ ಬಂದಿದ್ದ ಇಬ್ನ್ ಬತೂತನು ಇಲ್ಲಿ ಹುಡುಗಿಯರ ೧೩ ಶಾಲೆಗಳನ್ನೂ ಹುಡುಗರ ೨೩ ಶಾಲೆಗಳನ್ನೂ ಕಂಡೆನೆಂದು ಬರೆದಿದ್ದಾನೆ. ಪೋರ್ತುಗೀಜರು ೧೫೦೫ರಲ್ಲಿ ಇಲ್ಲಿಯ ರೇವಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟರು. ಐದು ವರ್ಷಗಳ ಮೇಲೆ ಅವರೇ ಗೋವೆಯನ್ನು ಹಿಡಿಯಲು ಹೊನ್ನಾವರದ ತಿಮ್ಮೋಜನ ನೆರವು ಪಡೆದರು. ಹೇಳುವುದಕ್ಕೆ ಬೇಕಾದಷ್ಟಿದೆ. ಆದರೆ ಯಾವ ಕಲ್ಲಿನ ಮುಂದೆ ನಿಂತು ಏನು ಹೇಳಬೇಕೆಂಬುದನ್ನು ನಾನು ಇನ್ನೂ ನಡೆದು ನೋಡಬೇಕಾಗಿದೆ. ಅಟ್ಟದ ಮೇಲಿನ ಹಳೆಯ ಸೈಕಲ್ಲನ್ನು ಕೆಳಗಿಳಿಸಿ ರಿಪೇರಿಗೆ ಕೊಟ್ಟಿದ್ದೇನೆ. ಎರಡು ಟಯರೂ ಹೋಗಿವೆಯಂತೆ. ಬ್ರೇಕು ಮಾತ್ರ ಗಟ್ಟಿಯಾಗಿದೆಯೆಂದು ಅಂಗಡಿಯವನು ಹೇಳಿದನು. ಅದನ್ನು ಸ್ವಲ್ಪ ಸಡಿಲಿಸಪ್ಪಾ ಎಂದೆ.