ತಾರಮಂಗಲದ ಬಿಸಿಲಿನಲ್ಲಿ ಒಂದು ಫೋಟೋ

ಸೇಲಂನ ಬೀಗರ ಮನೆಗೆ ಹೋದವರು ನಾವು ತಾರಮಂಗಲವನ್ನೂ ನೋಡಿಬಂದೆವು. ಅಲ್ಲಿನ ಕೈಲಾಸನಾಥರ್ ಗುಡಿಯಲ್ಲಿ 17ನೇ ಶತಮಾನದ ಗಟ್ಟಿ ಮುದಲಿಗಳ ಕಾಲದ ಕೆಲಸವೇ ಹೆಚ್ಚು. ಕಲ್ಲಿನ ಸರಪಳಿಯನ್ನಂತೂ ನೋಡಿಯೇ ತೀರಬೇಕು!

ಗೋಪುರದ ಮುಂದೆ ಅಜ್ಜ-ಅಜ್ಜಿಯದೊಂದು ಫೋಟೋ ಬೇಕಿತ್ತು. ಎಂಬತ್ತು ದಾಟಿದವರನ್ನು ಮತ್ತೆ ಇಷ್ಟು ದೂರ ಕರೆತರುವುದೆಂದು? ಆಗ ಬೆಳಿಗ್ಗೆ ಹತ್ತು ಗಂಟೆ. ಗೋಪುರ ಪಶ್ಚಿಮಕ್ಕಿರುವುದರಿಂದ ಬಿಸಿಲು ಅವರ ಬೆನ್ನಿಗೆ. ಸಂಜೆಯ ಬೆಳಕಿಗೆ ಕಾಯೋಣವೆಂದರೆ ಸೂರ್ಯಾಸ್ತದೊಳಗೆ ಅವರ ಊಟವಾಗಬೇಕು. ಮೊದಲ ಫೋಟೋದಲ್ಲಿ ಆಕಾಶ ಬೆಳಗಿತು, ಮುಖ ಕಪ್ಪಾಯಿತು.

ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ, ವೈರು ಜೋಡಿಸಿ, ಮಗನ ಕೈಯಲ್ಲಿ ಪಕ್ಕದಿಂದ ತುಸು ಎತ್ತರಕ್ಕೆ ಹಿಡಿಸಿದೆವು. ಐಎಸ್‌ಒ 100, ಎಫ್ 11, ಶಟರ್ 1/250. ಶಟರ್ ಇನ್ನೂ ವೇಗವಾದರೆ ನಮ್ಮ ಕ್ಯಾಮೆರಾದಲ್ಲಿ ಫ್ಲ್ಯಾಶ್ ಬೆಳಕು ಅರ್ಧ ಚಿತ್ರಕ್ಕಷ್ಟೇ ಬೀಳುತ್ತದೆ. ಐದಡಿಯಿಂದ ಹಿಡಿದಾಗ ಮುಖಗಳು ಸುಣ್ಣ ಬಳಿದಂತಾದವು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದಲ್ಲವೇ? ಹತ್ತಡಿಗೆ ಸರಿಸಿದೆವು. ನೀಲಿ ಆಕಾಶವೂ ಉಳಿಯಿತು, ಅಜ್ಜಿಯ ಮೂಗುಬೊಟ್ಟೂ ಹೊಳೆಯಿತು.

ಅಜ್ಜಿ ಪರದೆಯಲ್ಲಿ ನೋಡಿ, "ಇವರ ಟೋಪಿ ಸೊಟ್ಟಗಿದೆಯಲ್ಲಪ್ಪಾ!" ಎಂದರು. ಮತ್ತೊಂದು ತೆಗೆಯಬೇಕಾಯಿತು.