ಹೊಳೆಯಂಚಿನ ಬಿಡಾರ

ಕಂಪ್ಲಿಯ ಕೋಟೆಯವರಾದ ನಮಗೆ ಹೊಳೆಯ ನೋಟವು ಹೊಸತಲ್ಲ. ಹಣ ತೆತ್ತು ಅದನ್ನು ನೋಡಹೋಗುವುದು ಹೊಸತು. 2017ರ ಫೆಬ್ರವರಿಯಲ್ಲಿ, ವೃದ್ಧರಾದ ನಮ್ಮ ತಾಯಿಯವರನ್ನು ವಿರೂಪಾಕ್ಷನ ದರ್ಶನಕ್ಕೆ ಕರೆದೊಯ್ದಾಗ, ಮಿತ್ರರೊಬ್ಬರ ಮಾತಿನಂತೆ ತುಂಗಭದ್ರೆಯ ಆಚೆಯ ದಡದ ವಿರೂಪಾಪುರಗಡ್ಡೆಯಲ್ಲಿ ಒಂದು ವಿಶ್ರಾಂತಿಗೃಹವನ್ನು ಗೊತ್ತುಮಾಡಿ ಎರಡು ರಾತ್ರಿ ತಂಗಿದೆವು.

ಹುಲ್ಲು ಹೊದಿಸಿದ ಮಾಡು, ಮಂಚಕ್ಕೆ ಸೊಳ್ಳೆಪರದೆ, ಜಗುಲಿಯಲ್ಲೊಂದು ತೂಗುಜೋಲಿ. ಹಿಂದೆ ನೋಡಿದರೆ ಬತ್ತದ ಹಸುರು. ಮುಂದೆ ನೋಡಿದರೆ ನೀರು, ನೀರಿನಾಚೆ ಗುಡಿಯ ಗೋಪುರ. ಜೋಲಿಯಲ್ಲಿ ಮಲಗಹೋಗಿ ನಾವು ಬಿದ್ದುದನ್ನು ಕಂಡು ತಾಯಿಯವರು ಬಹಳ ಹೊತ್ತು ನಕ್ಕರು. ಊಟದ ಮನೆಯಲ್ಲಿ ಪರದೇಶಿಯರ ತಿನಿಸುಗಳೇ ಹೆಚ್ಚು. ಆದರೂ ಮಾಲಿಕನಾದ ತರುಣನು ತಾನೇ ಬಂದು, ಸಾರಿಗೆ ಖಾರವೆಷ್ಟಿರಬೇಕೆಂದು ಕೇಳಿಕೊಂಡು ಹೋಗಿ ಅನ್ನ ಸಾರು ಮಾಡಿಸಿದನು. ಸ್ನಾನದ ಮನೆಗೆ ಹೊಳಪಿನ ಕಲ್ಲು ಹಾಕದೆ ಒರಟು ಚಪ್ಪಡಿಯನ್ನು ಹಾಸಿದ್ದನು. ಮುದುಕರೊಡನೆ ಪ್ರಯಾಣ ಮಾಡಿದವರಿಗೆ ಈ ಒಂದು ಸೌಕರ್ಯದ ಬೆಲೆ ತಿಳಿದಿರುತ್ತದೆ. ಅದರ ಮುಂದೆ ಉಳಿದವೆಲ್ಲ ಅಲಂಕಾರವೇ ಸರಿ.

ಸಂಜೆಯಾದೊಡನೆ ದೋಣಿ ನಿಂತಿತು. ಕತ್ತಲಲ್ಲಿ ನೀರಿನ ಸಪ್ಪಳ ಕೇಳುತ್ತ ಕುಳಿತಿದ್ದ ತಾಯಿಯವರು ಆ ತರುಣನನ್ನು, "ಡ್ಯಾಮಿನ ಗೇಟು ಎತ್ತಿದರ ಇಲ್ಲಿಗೆ ಯಾರಪ್ಪಾ ಹೇಳೋರು?" ಎಂದು ಕೇಳಿದರು.

"ಇಷ್ಟು ಎತ್ತರಕ್ಕ ನೀರು ಬರೋದಿಲ್ಲ ಬಿಡ್ರಿ, ಅಮ್ಮಾ."

ತಾಯಿಯವರು ಉತ್ತರ ಕೊಡಲಿಲ್ಲ. ನಮ್ಮೂರಿನವರು ಮಳೆಗಾಲದಲ್ಲಿ ಗಂಗಾವತಿಗೆ ಹೊರಡುವ ಮುನ್ನ, ಅಣೆಕಟ್ಟಿನ 33 ಬಾಗಿಲುಗಳಲ್ಲಿ ಎಷ್ಟನ್ನು ಎತ್ತಿದ್ದಾರೆಂದು ವಿಚಾರಿಸುವುದುಂಟು. ಹೆಚ್ಚು ಎತ್ತಿದರೆ ನಮ್ಮ ಸೇತುವೆಯೇ ಮುಳುಗುತ್ತದೆ. ಆ ಭಯ ಅವರಿಗೆ ಹುಟ್ಟೂರಿನಿಂದ ಬಂದುದು.

2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಗಡ್ಡೆಯ ಸುತ್ತ ನೀರು ತುಂಬಿತು. ಸಿಕ್ಕಿಬಿದ್ದ ನೂರಾರು ಯಾತ್ರಿಕರನ್ನು ದೋಣಿಗಳಿಂದಲೂ ಹೆಲಿಕಾಪ್ಟರಿನಿಂದಲೂ ಪಾರುಮಾಡಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಹಂಪೆಯ ಸಂರಕ್ಷಿತ ಸೀಮೆಯೊಳಗೆ ಅಕ್ರಮವಾಗಿ ಕಟ್ಟಿದುವೆಂದು ಅಲ್ಲಿನ ಬಿಡಾರಗಳ ತೆರವನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಯಂತ್ರಗಳು ಬಂದು ಕೆಡವಿದುವು. ತೀರ್ಪು ತಪ್ಪೆಂದು ನಾವು ಹೇಳಲಾರೆವು. 1986ರಿಂದ ಜಗತ್ತಿನ ಆಸ್ತಿಯೆಂದು ಎಣಿಸಲ್ಪಟ್ಟ ಸ್ಥಳದಲ್ಲಿ ಕಂಡಕಂಡವರು ಗೋಡೆಯೆಬ್ಬಿಸಿದರೆ ಉಳಿಯುವುದೇನು? ಆದರೂ ಪತ್ರಿಕೆಯಲ್ಲಿ ಮಣ್ಣಿನ ಗುಡ್ಡೆಗಳ ಚಿತ್ರವನ್ನು ಕಂಡಾಗ ನಮಗೆ ನೆನಪಾದುದು ಆ ಒರಟು ಚಪ್ಪಡಿ.

ಆಮೇಲೆ ಒಮ್ಮೆ ಹೊಸಪೇಟೆಯಲ್ಲಿ ಇಳಿದುಕೊಂಡೆವು. ಲಿಫ್ಟು, ತಂಪುಯಂತ್ರ, ಗೋಡೆಯುದ್ದದ ಕನ್ನಡಿ, ಯಾವುದಕ್ಕೂ ಕೊರತೆಯಿರಲಿಲ್ಲ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಸ್ನಾನದ ಮನೆಯ ನೆಲ ಕನ್ನಡಿಯಷ್ಟೇ ನುಣುಪಾಗಿದ್ದುದರಿಂದ ತಾಯಿಯವರನ್ನು ಕೈಹಿಡಿದೇ ನಡೆಸಬೇಕಾಯಿತು. ಸಂಜೆ ಅವರು, "ಹೊಳಿಗೆ ಕರಕೊಂಡು ಹೋಗಪ್ಪಾ" ಎಂದರು. ಹಂಪೆಯ ಘಟ್ಟದ ಮೆಟ್ಟಿಲ ಮೇಲೆ ಕುಳಿತು, ದೋಣಿಯವನನ್ನು ಕರೆದು, ಆಚೆ ದಡದಲ್ಲಿದ್ದ ಆ ಹುಡುಗ ಈಗ ಎಲ್ಲಿರುವನೆಂದು ಕೇಳಿದರು. ಹೆಸರು ನಮಗೂ ತಿಳಿಯದು, ಅವನಿಗೂ ತಿಳಿಯದು. "ಆಗ ಬಹಳ ಮಂದಿ ಇದ್ದರವ್ವಾ" ಎಂದು ಅವನು ಹಗ್ಗ ಬಿಚ್ಚಿದನು. ಅದೇ ಆ ದಿನದ ಕಡೆಯ ದೋಣಿ.